ಚಕ್ಕುಲಿ ಹೆಚ್ಚು, ದೋಸೆ ಹಿಟ್ಟು ಮೈನಸ್: ರೆಸಿಪಿ ಸಾಫ್ಟ್‌ವೇರಿನ ಔಟ್‌ಪುಟ್ ಅಂಕಿ ಎಲ್ಲಿಂದ ಬರಬೇಕು?

ಓದುಗರ ಪ್ರಶ್ನೆ: 'ಬಸವೇಶ್ವರನಗರದಲ್ಲಿ ನಮ್ಮ ಕಾಂಡಿಮೆಂಟ್ಸ್ ಅಂಗಡಿ ಇದೆ. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಚಕ್ಕುಲಿ, ನಿಪ್ಪಟ್ಟು, ಪುಳಿಯೋಗರೆ ಗೊಜ್ಜು, ದೋಸೆ ಹಿಟ್ಟು ಮಾಡಿಸುತ್ತೇವೆ. ಆರು ತಿಂಗಳ ಹಿಂದೆ ರೆಸಿಪಿ ಫಾರ್ಮುಲಾ ಹಾಕುವ ಸಾಫ್ಟ್‌ವೇರ್ ತೆಗೆದುಕೊಂಡೆವು. ಒಂದು ಸಲದ ಚಕ್ಕುಲಿಗೆ ಅಕ್ಕಿ ಹಿಟ್ಟು 8 ಕೆಜಿ, ಉದ್ದಿನ ಹಿಟ್ಟು 2 ಕೆಜಿ, ಬೆಣ್ಣೆ 800 ಗ್ರಾಂ, ಉಪ್ಪು, ಎಳ್ಳು, ಓಮ, ಇಂಗು ಎಲ್ಲ ಸೇರಿ 350 ಗ್ರಾಂ, ನೀರು ಆರೂವರೆ ಕೆಜಿ, ಬಾಣಲೆಗೆ ಎಣ್ಣೆ 15 ಕೆಜಿ ಎಂದು ಇನ್‌ಪುಟ್ ಕೊಟ್ಟಿದ್ದೇವೆ. ಎಣ್ಣೆ ಬಾಣಲೆಯಲ್ಲೇ ಉಳಿಯುತ್ತದಲ್ಲ ಎಂದು ಅದನ್ನು ಬಿಟ್ಟು ಮಿಕ್ಕದ್ದನ್ನು ಕೂಡಿ ಔಟ್‌ಪುಟ್ 17.65 ಕೆಜಿ ಎಂದು ಬರೆದೆವು. ದಿನಕ್ಕೆ ನಾಲ್ಕು ಸಲ ಕರಿಯುತ್ತೇವೆ. ಸಾಫ್ಟ್‌ವೇರ್ 70 ಕೆಜಿ ಚಕ್ಕುಲಿ ಇದೆ ಅನ್ನುತ್ತದೆ, ಇರುವುದು 51. ಎಣ್ಣೆ ಸ್ಟಾಕ್ ಮೈನಸ್. ದೋಸೆ ಹಿಟ್ಟಿನದು ಇನ್ನೂ ವಿಚಿತ್ರ. ಅಕ್ಕಿ, ಬೇಳೆ, ಅವಲಕ್ಕಿ, ಮೆಂತ್ಯ ಸೇರಿ 40 ಕೆಜಿ ಹಾಕಿ ಔಟ್‌ಪುಟ್ಟೂ 40 ಎಂದು ಕೊಟ್ಟಿದ್ದೇವೆ. ಮಾರುವುದು ಒಂದು ಕೆಜಿಯ 88 ಪ್ಯಾಕೆಟ್. ಹಾಗಾಗಿ ಹಿಟ್ಟೂ ಮೈನಸ್. ನನ್ನ ತಮ್ಮನ ಮಗ ಚಕ್ಕುಲಿಯ ಔಟ್‌ಪುಟ್ಟನ್ನು 12.7 ಎಂದು ತಿದ್ದಿದ. ಅಕ್ಕಿ ಹಿಟ್ಟು ತಾನಾಗಿಯೇ 5.76 ಕೆಜಿಗೆ ಇಳಿದುಬಿಟ್ಟಿತು. ಎಲ್ಲದಕ್ಕೂ ಶೇ. 10 ವೇಸ್ಟೇಜ್ ಹಾಕಿಬಿಡಿ ಅನ್ನುತ್ತಾರೆ ಅಕೌಂಟೆಂಟ್. ಚಕ್ಕುಲಿಯ ಅಸಲು ಕೆಜಿಗೆ 184 ರೂಪಾಯಿ ಎಂದು ತೋರಿಸುತ್ತಿದೆ (ಎಣ್ಣೆ ಟಿನ್ನಿಗೆ 2,100 ರೂಪಾಯಿ). ಅಷ್ಟು ಬೀಳುತ್ತಿದ್ದರೆ ನಾವು ಯಾವತ್ತೋ ಬಾಗಿಲು ಹಾಕಬೇಕಿತ್ತು. ತಪ್ಪು ಸಾಫ್ಟ್‌ವೇರಿನದೋ, ನಮ್ಮದೋ?'

ಉತ್ತರ:

ಸಾಫ್ಟ್‌ವೇರ್ ಲೆಕ್ಕ ತಪ್ಪಿಲ್ಲ. ನೀವು ಕೊಟ್ಟ ಅಂಕಿಗಳನ್ನು ಅದು ಸರಿಯಾಗಿಯೇ ಕೂಡಿ ಕಳೆದಿದೆ. ಕೆಟ್ಟಿರುವುದು ಎರಡು ಅಂಕಿ: ಔಟ್‌ಪುಟ್ ಮತ್ತು ಎಣ್ಣೆ. ಚಕ್ಕುಲಿ ಹೆಚ್ಚಾಗಿ ಕಾಣುವುದಕ್ಕೂ ದೋಸೆ ಹಿಟ್ಟು ಮೈನಸ್ಸಿಗೆ ಹೋಗುವುದಕ್ಕೂ ಮೂಲ ಒಂದೇ. ಹಾಕಿದ್ದನ್ನೆಲ್ಲ ಕೂಡಿದರೆ ಔಟ್‌ಪುಟ್ ಸಿಗುತ್ತದೆ ಎಂದು ಎರಡು ಕಡೆಯೂ ಅಂದುಕೊಂಡಿದ್ದೀರಿ. ಚಕ್ಕುಲಿಯಲ್ಲಿ ನೀರು ಹಾರಿಹೋಗುತ್ತದೆ, ಅದನ್ನು ಕಳೆದಿಲ್ಲ. ಹಿಟ್ಟಿನಲ್ಲಿ ನೀರು ಉಳಿಯುತ್ತದೆ, ಅದನ್ನು ಸೇರಿಸಿಲ್ಲ.

ಔಟ್‌ಪುಟ್ ಅಂಕಿ ತಕ್ಕಡಿಯಿಂದ ಬರಬೇಕು, ಕ್ಯಾಲ್ಕುಲೇಟರಿನಿಂದ ಅಲ್ಲ. ಅಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮಿಕ್ಕ ಗೊಂದಲಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಚಕ್ಕುಲಿಯ ತೂಕ ಎಲ್ಲಿಗೆ ಹೋಯಿತು

ನಿಮ್ಮ ಒಂದು ಸಲದ ಹಿಟ್ಟನ್ನೇ ತೆಗೆದುಕೊಳ್ಳೋಣ. ನಾದಿದ ಮೇಲೆ 17.65 ಕೆಜಿ. ಅದರಲ್ಲಿ ಶೇ. 2ರಷ್ಟು, ಅಂದರೆ ಸುಮಾರು 350 ಗ್ರಾಂ, ಪಾತ್ರೆಗೆ, ಚಕ್ಕುಲಿ ಒರಳಿಗೆ, ಕೈಗೆ ಅಂಟಿ ಹೋಗುತ್ತದೆ. ಎಣ್ಣೆಗೆ ಬೀಳುವುದು 17.3 ಕೆಜಿ. ಕರಿಯುವಾಗ ಒಂದೇ ಹೊತ್ತಿಗೆ ಎರಡು ಕೆಲಸ ನಡೆಯುತ್ತದೆ: ಒಳಗಿನ ನೀರು ಆವಿಯಾಗಿ ಹೊರಬರುತ್ತದೆ, ಅದು ಬಿಟ್ಟ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ಗರಿಗರಿಯಾದ ಚಕ್ಕುಲಿಯಲ್ಲಿ ಉಳಿಯುವ ತೇವ ಶೇ. 3ರ ಆಸುಪಾಸು. ಹಾಗಾಗಿ ನೀವು ಹಾಕಿದ ಆರೂವರೆ ಕೆಜಿ ನೀರಿನ ಜೊತೆಗೆ ಹಿಟ್ಟಿನಲ್ಲೂ ಬೆಣ್ಣೆಯಲ್ಲೂ ಮೊದಲೇ ಇದ್ದ ತೇವವೂ ಹೋಗುತ್ತದೆ. ಒಟ್ಟು ಸುಮಾರು 7.2 ಕೆಜಿ ಆವಿಯಾಗುತ್ತದೆ, ಸುಮಾರು 3 ಕೆಜಿ ಎಣ್ಣೆ ಒಳಸೇರುತ್ತದೆ. 17.3ರಲ್ಲಿ 7.2 ಕಳೆದು 3 ಸೇರಿಸಿದರೆ 13.1 ಕೆಜಿ. ಅದರಲ್ಲಿ ಮುರಿದದ್ದು 400 ಗ್ರಾಂ ಎಂದರೆ ಮಾರಲು ಸಿಗುವುದು 12.7. ನಾಲ್ಕು ಸಲಕ್ಕೆ 50.8 ಕೆಜಿ, ಅಂದರೆ ನೀವು ಕಣ್ಣಾರೆ ನೋಡುತ್ತಿರುವ 51. ನಿಮ್ಮ ಶೆಡ್ಡಿನಲ್ಲಿ ಯಾರೂ ಚಕ್ಕುಲಿ ಕದಿಯುತ್ತಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸ್ಟಾಕಿನಲ್ಲಿ ದಿನಾ 20 ಕೆಜಿ ವ್ಯತ್ಯಾಸ ಕಂಡರೆ ಮೊದಲು ಅನುಮಾನ ಬೀಳುವುದು ಕೆಲಸದವರ ಮೇಲೆ.

ಅಂದಹಾಗೆ, ತಮ್ಮನ ಮಗ ಹಾಕಿದ 12.7 ಸರಿಯಾದ ಅಂಕಿಯೇ. ಹಾಕಿದ ಜಾಗ ಮಾತ್ರ ತಪ್ಪು.

ಎಣ್ಣೆಗೆ ಬೇರೆಯೇ ಲೆಕ್ಕ

ಬಾಣಲೆಯಲ್ಲಿ ತುಂಬಿದ ಎಣ್ಣೆ ಇನ್‌ಪುಟ್ ಅಲ್ಲ. ಅದು ಪಾತ್ರೆಯಂತೆ ಅಲ್ಲೇ ಇರುವ ಸಾಮಾನು. ಖರ್ಚಾಗುವುದು ಎರಡು ದಾರಿಯಲ್ಲಿ ಮಾತ್ರ: ಚಕ್ಕುಲಿ ಹೀರಿದ್ದು, ನೀವು ಚೆಲ್ಲಿದ್ದು. ನೀವು ಪ್ರತಿ ಸಲಕ್ಕೂ 15 ಕೆಜಿ ಹಾಕಿರುವುದರಿಂದ ಸಾಫ್ಟ್‌ವೇರ್ ದಿನಕ್ಕೆ ನಾಲ್ಕು ಟಿನ್ ಕಳೆಯುತ್ತಿದೆ, ಒಡೆಯುವುದು ಒಂದೇ ಟಿನ್. ಮೈನಸ್ ಆಗದೆ ಇನ್ನೇನಾದೀತು?

ಅಳೆಯುವ ಕ್ರಮ ಇದು. ಬೆಳಗ್ಗೆ ಒಲೆ ಹಚ್ಚುವ ಮೊದಲು ತಣ್ಣಗಿರುವ ಬಾಣಲೆಯ ಎಣ್ಣೆಯನ್ನು ತೂಗಿ. ಖಾಲಿ ಬಾಣಲೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ದಿನದಲ್ಲಿ ಸೇರಿಸಿದ ಹೊಸ ಎಣ್ಣೆಯನ್ನು ಗುರುತು ಹಾಕಿ. ರಾತ್ರಿ ಆರಿದ ಮೇಲೆ ಸೋಸಿ, ಉಳಿದದ್ದನ್ನು ತೂಗಿ, ತಳದ ಗಸಿಯ ಜೊತೆ ತೆಗೆದುಹಾಕಿದ್ದನ್ನು ಬೇರೆ ತೂಗಿ. ಬಿಸಿ ಎಣ್ಣೆಯ ಬಾಣಲೆಯನ್ನು ತಕ್ಕಡಿಗೆ ಎತ್ತುವ ಸಾಹಸ ಬೇಡ. ಉದಾಹರಣೆಗೆ, ಬೆಳಗ್ಗೆ 18.0 ಕೆಜಿ ಇತ್ತು, 15.0 ಸೇರಿಸಿದಿರಿ, ರಾತ್ರಿ 17.8 ಉಳಿಯಿತು, 2.9 ಹೊರಹಾಕಿದಿರಿ. ಆಗ 18.0 + 15.0 − 17.8 − 2.9 = 12.3 ಕೆಜಿ. ನಾಲ್ಕು ಸಲಕ್ಕೆ ಹಂಚಿದರೆ ಒಂದಕ್ಕೆ 3.075. ಮೇಲೆ ಹೇಳಿದ 3 ಕೆಜಿಗೂ ಇದಕ್ಕೂ ಇರುವ 75 ಗ್ರಾಂ ವ್ಯತ್ಯಾಸ ಜಾಲರಿ ಸೌಟಿನಲ್ಲಿ, ತಟ್ಟೆಯಲ್ಲಿ, ಕಾಗದದಲ್ಲಿ ಹೋಗಿದ್ದು. ಅಷ್ಟು ಹೊಂದಿಕೊಂಡರೆ ಲೆಕ್ಕ ಆರೋಗ್ಯವಾಗಿದೆ.

ಸಾಫ್ಟ್‌ವೇರಿನಲ್ಲಿ 'ಗೋಡೌನ್' ಜೊತೆಗೆ 'ಬಾಣಲೆ' ಎಂಬ ಇನ್ನೊಂದು ಸ್ಟಾಕ್ ಜಾಗ ತೆರೆಯಿರಿ. ಹೊಸ ಟಿನ್ ಒಡೆದಾಗ ಎಣ್ಣೆಯನ್ನು ಗೋಡೌನಿನಿಂದ ಬಾಣಲೆಗೆ ವರ್ಗಾಯಿಸಿ, ಅದು ಖರ್ಚಲ್ಲ. ಫಾರ್ಮುಲಾದಲ್ಲಿ ಎಣ್ಣೆಗೆ ಎರಡು ಸಾಲು ಬೇಕು: ಹೀರಿದ್ದು 3.075 ಕೆಜಿ, ಚೆಲ್ಲಿದ್ದು 0.725 ಕೆಜಿ. ಎರಡನ್ನೂ ಒಂದೇ ಸಾಲಿಗೆ ಹಾಕಿ 3.8 ಎಂದು ಬರೆದರೆ ಅಸಲು ಬದಲಾಗುವುದಿಲ್ಲ, ಆದರೆ ಎಣ್ಣೆ ಖರ್ಚು ಏರಿದಾಗ ಕಾರಣ ಗೊತ್ತಾಗುವುದಿಲ್ಲ. ಹೀರಿದ್ದು ಏರಿದ್ದರೆ ಎಣ್ಣೆ ಸರಿಯಾಗಿ ಕಾದಿರಲಿಲ್ಲ, ಇಲ್ಲವೇ ಹಿಟ್ಟಿಗೆ ನೀರು ಹೆಚ್ಚಾಗಿತ್ತು, ಇಲ್ಲವೇ ಬೆಣ್ಣೆ ಜಾಸ್ತಿ ಬಿದ್ದಿತ್ತು. ಚೆಲ್ಲಿದ್ದು ಏರಿದ್ದರೆ ಒಣ ಹಿಟ್ಟಿನ ಪುಡಿ ಬಾಣಲೆಗೆ ಉದುರಿ ಸುಟ್ಟು ಎಣ್ಣೆ ಬೇಗ ಕೆಡುತ್ತಿದೆ. ಒಂದನ್ನು ಭಟ್ಟರ ಹತ್ತಿರ ಮಾತಾಡಬೇಕು, ಇನ್ನೊಂದಕ್ಕೆ ಸೋಸುವ ಬಟ್ಟೆ ಬದಲಿಸಬೇಕು.

ಚೆಲ್ಲುವ ಎಣ್ಣೆಯನ್ನು ಉಳಿಸಿ ಅಸಲು ಇಳಿಸುವ ಯೋಚನೆ ಬಂದರೆ ಒಂದು ಗಡಿ ನೆನಪಿರಲಿ. ಕರಿಯುವ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಂತೆ ಅದರಲ್ಲಿ ಹುಟ್ಟುವ ಅಂಶಗಳು) ಶೇ. 25 ದಾಟಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಬಳಸಿದ ಎಣ್ಣೆಯ ದಾಖಲೆಯನ್ನೂ ಇಡಬೇಕು. ಚಕ್ಕುಲಿ ಒಂದರಿಂದ ನೀವು ಅಲ್ಲಿಗೆ ಮುಟ್ಟುವುದಿಲ್ಲ. ನಿಪ್ಪಟ್ಟು, ಹಬ್ಬದ ಆರ್ಡರ್ ಸೇರಿದ ದಿನ ಮುಟ್ಟಲೂಬಹುದು. 'ಚೆಲ್ಲಿದ್ದು' ಸಾಲು ಇದ್ದರೆ ಆ ದಾಖಲೆ ತಾನಾಗಿಯೇ ಸಿದ್ಧವಾಗಿರುತ್ತದೆ.

ಟಿನ್ನಿನ ಮೇಲೆ 15 ಕೆಜಿ ಎಂದಿದೆಯೋ, 15 ಲೀಟರ್ ಎಂದಿದೆಯೋ ನೋಡಿ. ಎರಡೂ ಮಾರುಕಟ್ಟೆಯಲ್ಲಿವೆ, ನೋಡಲೂ ಒಂದೇ ತರಹ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಹಾಗಾಗಿ 15 ಲೀಟರಿನ ಟಿನ್ನಿನಲ್ಲಿ ಇರುವುದು 13.65 ಕೆಜಿ. ಬಿಲ್ಲಿನಲ್ಲಿ 'ಟಿನ್' ಎಂದಷ್ಟೇ ಬಂದು, ಸಾಫ್ಟ್‌ವೇರಿನಲ್ಲಿ 1 ಟಿನ್ = 15 ಕೆಜಿ ಎಂದು ಹಾಕಿಬಿಟ್ಟಿದ್ದರೆ ಪ್ರತಿ ಟಿನ್ನಿಗೂ 1.35 ಕೆಜಿ ಗಾಳಿಯನ್ನು ಸ್ಟಾಕಿಗೆ ತೆಗೆದುಕೊಂಡಂತೆ. ತುಪ್ಪಕ್ಕೂ ಇದೇ ಎಚ್ಚರ ಬೇಕು. ಎರಡು ಬಗೆಯ ಟಿನ್ನೂ ಬರುತ್ತಿದ್ದರೆ ಎರಡು ಐಟಂ ಮಾಡಿ.

ಅರ್ಧ ರಿಪೇರಿ ಮಾಡಿದರೆ ಇನ್ನೂ ಕೆಡುತ್ತದೆ

184 ರೂಪಾಯಿ ಹೇಗೆ ಬಂತು ನೋಡೋಣ. ಅದನ್ನು 17.65ರಿಂದ ಗುಣಿಸಿದರೆ ಒಂದು ಸಲದ ಖರ್ಚು ಸುಮಾರು 3,250. ಅದರಲ್ಲಿ ಎಣ್ಣೆ 2,100, ಮಿಕ್ಕ ಸಾಮಾನು 1,150. ಎಣ್ಣೆಯನ್ನು ಸರಿಯಾಗಿ ಹಿಡಿದರೆ 3.8 ಕೆಜಿಗೆ ಕೆಜಿ 140ರಂತೆ 532 ರೂಪಾಯಿ. ಒಟ್ಟು 1,682. ಇದನ್ನು 12.7ರಿಂದ ಭಾಗಿಸಿದರೆ ಕೆಜಿಗೆ 132 ರೂಪಾಯಿ. ಸಾಮಾನಿನ ಮಟ್ಟಿಗೆ ನಿಜವಾದ ಅಸಲು ಇದು. ಗ್ಯಾಸ್, ಕೂಲಿ, ಬಾಡಿಗೆ ಇದರಲ್ಲಿಲ್ಲ.

ಈಗ ಎಣ್ಣೆಯನ್ನಷ್ಟೇ ತಿದ್ದಿ ಔಟ್‌ಪುಟ್ಟನ್ನು 17.65ರಲ್ಲೇ ಬಿಟ್ಟರೆ ಅಸಲು 95ಕ್ಕೆ ಇಳಿಯುತ್ತದೆ. ಲಾಭ ಚೆನ್ನಾಗಿದೆ ಎಂದು ಹೋಲ್‌ಸೇಲಿಗೆ ದರ ಇಳಿಸಿ ಕೈ ಸುಟ್ಟುಕೊಳ್ಳುತ್ತೀರಿ. ಔಟ್‌ಪುಟ್ಟನ್ನಷ್ಟೇ ತಿದ್ದಿ ಎಣ್ಣೆಯನ್ನು ಹಾಗೇ ಬಿಟ್ಟರೆ ಅಸಲು 256 ತೋರಿಸುತ್ತದೆ. ಇಷ್ಟು ದಿನ ಒಂದು ತಪ್ಪು ಇನ್ನೊಂದನ್ನು ಅರ್ಧ ಮುಚ್ಚಿತ್ತು. ಆದ್ದರಿಂದ ಒಂದೇ ದಿನ, ಒಂದೇ ಕೂರಿಕೆಯಲ್ಲಿ ಎರಡನ್ನೂ ಬದಲಿಸಿ.

ದೋಸೆ ಹಿಟ್ಟು

ಇಲ್ಲಿ ಬಿಟ್ಟುಹೋಗಿರುವುದು ನೀರು. ನೀರಿಗೆ ದುಡ್ಡಿಲ್ಲ, ಯಾಕೆ ಬರೆಯಬೇಕು ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ದುಡ್ಡಿದೆ ಅನ್ನುವುದು ನಿಜ, ಆದರೆ ಅದು ಬಾಡಿಗೆ, ಕರೆಂಟಿನ ಸಾಲಿಗೆ ಹೋಗಲಿ. ಫಾರ್ಮುಲಾದಲ್ಲಿ ನೀರನ್ನು ದರ ಸೊನ್ನೆ, ಸ್ಟಾಕ್ ಲೆಕ್ಕವಿಲ್ಲದ ಐಟಂ ಆಗಿ ಹಾಕಿ. ತೂಕ ಮಾತ್ರ ಇರಲೇಬೇಕು.

ನೀರನ್ನು ಅಳೆಯುವುದು ಹೇಗೆ? ನೆನೆಹಾಕುವಾಗ ಸುರಿದ ನೀರನ್ನು ಅಳೆದು ಪ್ರಯೋಜನವಿಲ್ಲ, ಅದರಲ್ಲಿ ಒಂದಷ್ಟನ್ನು ಬಸಿದು ಚೆಲ್ಲುತ್ತೀರಿ. ಸುಲಭದ ದಾರಿ ಹಿಂದಿನಿಂದ ಬರುವುದು. ರುಬ್ಬಿ ಮುಗಿದ ಹಿಟ್ಟನ್ನು ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಪ್ರತಿ ಪಾತ್ರೆಯ ತೂಕವನ್ನು ಅದರ ಹೊರಮೈಯಲ್ಲೇ ಪೇಂಟಿನಲ್ಲಿ ಬರೆಸಿಬಿಡಿ. ಗ್ರೈಂಡರಿಗೆ ಅಂಟಿ ತೊಳೆದುಹೋಗುವುದು ಸುಮಾರು 2 ಕೆಜಿ. 40 ಕೆಜಿ ಒಣ ಸಾಮಾನಿಗೆ 90 ಕೆಜಿ ಹಿಟ್ಟು ಸಿಕ್ಕಿದರೆ, ನೀರು 52 ಕೆಜಿ, ನಷ್ಟ 2 ಕೆಜಿ, ಔಟ್‌ಪುಟ್ 90. ಒಂದು ಸಲದ ಅಕ್ಕಿ, ಬೇಳೆಗೆ 2,450 ರೂಪಾಯಿ ಎಂದಿಟ್ಟುಕೊಂಡರೆ ಈಗಿನ ಫಾರ್ಮುಲಾ ಕೆಜಿಗೆ 61 ರೂಪಾಯಿ ತೋರಿಸುತ್ತದೆ, ನಿಜ 27.

ಹಿಟ್ಟಿನಲ್ಲಿ ಔಟ್‌ಪುಟ್ ಹೆಚ್ಚಿ ಬಂದರೆ ಖುಷಿಪಡಬೇಡಿ. ಒಣ ಸಾಮಾನು ಅಷ್ಟೇ ಇದ್ದು 90ರ ಬದಲು 96 ಬಂದಿದ್ದರೆ ಆರು ಕೆಜಿ ನೀರು ಮಾರುತ್ತಿದ್ದೀರಿ. ದೋಸೆ ಕಾವಲಿಯಿಂದ ಏಳುತ್ತಿಲ್ಲ ಎಂದು ಗಿರಾಕಿ ಬರುವ ಮೊದಲು ಸಾಫ್ಟ್‌ವೇರೇ ಹೇಳುವಂತೆ ಮಾಡಬಹುದು. ಎಚ್ಚರಿಕೆಯ ಮಿತಿಯನ್ನು ಕೆಳಗೆ ಹಾಕಿದಷ್ಟೇ ಶ್ರದ್ಧೆಯಿಂದ ಮೇಲೆಯೂ ಹಾಕಿ. ಶೇ. 3 ಹೆಚ್ಚುಕಡಿಮೆ ಸಾಕು.

90 ಕೆಜಿ ಇದ್ದು 88 ಪ್ಯಾಕೆಟ್ ಆಗುತ್ತಿರುವುದನ್ನೂ ಗಮನಿಸಿ. ಪ್ಯಾಕೆಟ್ಟಿಗೆ ಸರಾಸರಿ 20 ಗ್ರಾಂಗಿಂತ ಹೆಚ್ಚು ಹೋಗುತ್ತಿದೆ. ಇದು ಪೂರ್ತಿ ವ್ಯರ್ಥವಲ್ಲ. ಪೊಟ್ಟಣ ಸರಕುಗಳ 2011ರ ಕಾನೂನು ಮಾಪನ ನಿಯಮದ ಪ್ರಕಾರ ಕವರಿನ ಮೇಲೆ ಬರೆದ ತೂಕಕ್ಕಿಂತ ಸರಾಸರಿ ಕಡಿಮೆಯಾಗಬಾರದು, ಒಂದು ಕೆಜಿಯ ಪೊಟ್ಟಣ ಒಂದೊಂದಾಗಿಯೂ 15 ಗ್ರಾಂಗಿಂತ ಹೆಚ್ಚು ಕೊರೆ ಬೀಳಬಾರದು. ಹಾಗಾಗಿ ಸ್ವಲ್ಪ ಮೇಲೆ ಹಾಕುವುದು ಜಾಣತನವೇ. ಆದರೆ ಸೌಟಿನ ಅಳತೆಯಲ್ಲಿ ತುಂಬುತ್ತಿದ್ದರೆ ಈ ಅಂಕಿ ಋತುವಿಗೊಂದು ತರಹ ಆಡುತ್ತದೆ. ಹುದುಗು ಬಂದಾಗ ಹಿಟ್ಟಿನ ಗಾತ್ರ ಹೆಚ್ಚುತ್ತದೆ, ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರಿನ ಚಳಿಯಲ್ಲಿ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ, ಅದೇ ಸೌಟಿಗೆ ಹೆಚ್ಚು ತೂಕ ಬೀಳುತ್ತದೆ. ಏಪ್ರಿಲಿನಲ್ಲಿ ಅದೇ ಸೌಟು ಕೊರೆ ತೂಕ ಕೊಡುತ್ತದೆ. ತೂಗಿಯೇ ತುಂಬಿಸಿ. ಪ್ಯಾಕಿಂಗಿಗೆ ಪ್ರತ್ಯೇಕ ಫಾರ್ಮುಲಾ ಮಾಡಿ: ಇನ್‌ಪುಟ್ ಹಿಟ್ಟು 1.015 ಕೆಜಿ, ಕವರ್ ಒಂದು. ಔಟ್‌ಪುಟ್ ಒಂದು ಪ್ಯಾಕೆಟ್. ಕೆಜಿಯಲ್ಲಿ ತಯಾರಿಸಿ ಪ್ಯಾಕೆಟ್ಟಿನಲ್ಲಿ ಮಾರುವ ಯಾವ ಪದಾರ್ಥಕ್ಕೂ ಈ ಎರಡನೇ ಹಂತ ಬೇಕು. ಇಲ್ಲದಿದ್ದರೆ ಮೇಲೆ ಹೋದ ಗ್ರಾಂಗಳು ಎಲ್ಲೂ ಕಾಣಿಸದೆ ಸ್ಟಾಕ್ ವ್ಯತ್ಯಾಸವಾಗಿ ಬಂದು ಕೂರುತ್ತವೆ.

ಅಕ್ಕಿ ಹಿಟ್ಟು 5.76ಕ್ಕೆ ಇಳಿದದ್ದು ಯಾಕೆ

ಇಂಥ ಸಾಫ್ಟ್‌ವೇರುಗಳಲ್ಲಿ ಔಟ್‌ಪುಟ್ ಎಂಬ ಖಾನೆ ಎರಡು ಕಡೆ ಇರುತ್ತದೆ. ಒಂದು ಫಾರ್ಮುಲಾದ ಒಳಗೆ: 'ಇಷ್ಟು ಹಾಕಿದರೆ ಇಷ್ಟು ಬರುತ್ತದೆ' ಎಂಬ ಸಂಬಂಧವನ್ನು ಹೇಳುವುದು. ಇನ್ನೊಂದು ಬ್ಯಾಚ್ ಅಥವಾ ಉತ್ಪಾದನೆಯ ಪರದೆಯಲ್ಲಿ: 'ಇವತ್ತು ನನಗೆ ಇಷ್ಟು ಬೇಕು' ಎಂದು ಕೇಳುವುದು. ಎರಡನೆಯದನ್ನು ಬದಲಿಸಿದರೆ ಸಾಫ್ಟ್‌ವೇರ್ ಸಾಮಾನನ್ನೆಲ್ಲ ಅದೇ ಅನುಪಾತದಲ್ಲಿ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ತಮ್ಮನ ಮಗ ಮುಟ್ಟಿದ್ದು ಎರಡನೆಯದನ್ನು. 17.65 ಬರುವ ಕಡೆ 12.7 ಸಾಕು ಎಂದರೆ, 8 ಕೆಜಿ ಅಕ್ಕಿ ಹಿಟ್ಟಿನ ಬದಲು 5.76 ಸಾಕು ಎಂದು ಅದು ಹೇಳಿದ್ದು ಸರಿಯಾಗಿಯೇ ಇದೆ. ಫಾರ್ಮುಲಾವನ್ನೇ ತಿದ್ದುವ ಪರದೆಗೆ ಹೋಗಿ, ಎಣ್ಣೆ ಬಿಟ್ಟು ಮಿಕ್ಕ ಸಾಮಾನಿನ ಸಾಲುಗಳನ್ನು ಮುಟ್ಟದೆ, ಔಟ್‌ಪುಟ್ಟನ್ನು ಬದಲಿಸಿ (ಹಳೆಯದರ ಮೇಲೆ ಅಲ್ಲ, ಹೊಸ ಆವೃತ್ತಿಯಾಗಿ; ಕೊನೆಯಲ್ಲಿ ಹೇಳಿದ್ದೇನೆ). ಕೆಲವು ಸಾಫ್ಟ್‌ವೇರುಗಳಲ್ಲಿ ಅಲ್ಲೂ 'ಅನುಪಾತದಲ್ಲಿ ಬದಲಿಸಲೇ?' ಎಂದು ಕೇಳುವ ಗುಂಡಿ ಇರುತ್ತದೆ. ಅದಕ್ಕೆ ಬೇಡ ಅನ್ನಿ. ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಮಾಡುವವರಿಗೆ ಬಿಲ್ ಆಫ್ ಮೆಟೀರಿಯಲ್ಸ್ (ಸಾಮಾನಿನ ಪಟ್ಟಿ) ಪರದೆಯ 'ಯೂನಿಟ್ ಆಫ್ ಮ್ಯಾನುಫ್ಯಾಕ್ಚರ್' ಈ ಮೊದಲನೇ ಖಾನೆ, ಅಲ್ಲಿ 12.7 ಬರಬೇಕು. ಅದೇ ಪಟ್ಟಿಯಲ್ಲಿ ಮುರುಕನ್ನು, ಅಂದರೆ ಮುರಿದ ಚೂರುಗಳನ್ನು, ಉಪ ಉತ್ಪನ್ನ ಎಂದು ತೋರಿಸಲೂ ಅವಕಾಶವಿದೆ.

ಮುರುಕಿನ ಬಗ್ಗೆ ಒಂದೆರಡು ಮಾತು. ಅದನ್ನು ಪುಡಿಮಾಡಿ ಮರುದಿನದ ಹಿಟ್ಟಿಗೆ ಸೇರಿಸುವ ರೂಢಿ ಎಲ್ಲ ಕಡೆ ಇದೆ. ಸೇರಿಸುವುದಾದರೆ ಔಟ್‌ಪುಟ್ ಕಡೆ 0.4 ಕೆಜಿ ಉಪ ಉತ್ಪನ್ನವಾಗಿ ಬರಲಿ, ಮರುದಿನ ಇನ್‌ಪುಟ್ ಕಡೆ ಹೋಗಲಿ. ಅದಕ್ಕೆ ಚಕ್ಕುಲಿಯ ಪೂರ್ತಿ ಅಸಲು ಬೇಡ, ಸೊನ್ನೆಯೂ ಬೇಡ, ಅದು ಉಳಿಸುವ ಹಿಟ್ಟಿನ ಬೆಲೆ ಕೊಡಿ. ನಿಪ್ಪಟ್ಟಿನ ಮುರುಕು ಮಾತ್ರ ಚಕ್ಕುಲಿಗೆ ಬೀಳಲೇಬಾರದು. ನಿಪ್ಪಟ್ಟಿನಲ್ಲಿ ಕಡಲೆಕಾಯಿ ಇರುತ್ತದೆ, ನಿಮ್ಮ ಚಕ್ಕುಲಿ ಲೇಬಲ್ಲಿನಲ್ಲಿ ಇರುವುದಿಲ್ಲ. ಕಡಲೆಕಾಯಿ ಅಲರ್ಜಿ ಇದ್ದವರಿಗೆ ಅದು ಜೀವದ ಪ್ರಶ್ನೆ.

ಎಲ್ಲಕ್ಕೂ ಶೇ. 10 ಹಾಕುವ ಸಲಹೆ

ಬೇಡ. ಚಕ್ಕುಲಿಯಲ್ಲಿ ತೂಕ ಇಳಿಯುವುದು ಶೇ. 28, ಹಿಟ್ಟಿನಲ್ಲಿ ತೂಕ ದುಪ್ಪಟ್ಟು ದಾಟುತ್ತದೆ. ಎರಡಕ್ಕೂ ಒಂದೇ ಶೇ. 10 ಹಾಕಿದರೆ ಎರಡೂ ತಪ್ಪಾಗಿಯೇ ಉಳಿಯುತ್ತವೆ, ಮೇಲಾಗಿ ನಿಜವಾದ ಸೋರಿಕೆ ಆ ಹತ್ತರ ಕೆಳಗೆ ಆರಾಮವಾಗಿ ಅಡಗಿಕೊಳ್ಳುತ್ತದೆ. ಅಕೌಂಟೆಂಟ್ ಅದನ್ನು ಹೇಳುವುದು ಪುಸ್ತಕ ಹೊಂದಿಸಲು, ಫಾರ್ಮುಲಾ ಹೊಂದಿಸಲು ಅಲ್ಲ.

ನಷ್ಟದ ಶೇಕಡಾ ಹಾಕಲೇಬೇಕಾದ ಕಡೆಯಲ್ಲೂ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಗುಣಿಸುವುದು. ಶೇ. 10 ನಷ್ಟವಿದ್ದು 100 ಕೆಜಿ ಬೇಕಾದರೆ 110 ಹಾಕಿದರೆ ಸಾಕು ಅಂದುಕೊಳ್ಳುತ್ತಾರೆ. 110ರಲ್ಲಿ ಶೇ. 10 ಹೋದರೆ ಉಳಿಯುವುದು 99. ಬೇಕಾದದ್ದನ್ನು 0.90ರಿಂದ ಭಾಗಿಸಬೇಕು, ಆಗ 111.1. ನಷ್ಟ ಶೇ. 25 ಇದ್ದರೆ 125ಕ್ಕೂ 133.3ಕ್ಕೂ ಇರುವ ಅಂತರ ದೊಡ್ಡದು. ನಿಮ್ಮ ಸಾಫ್ಟ್‌ವೇರ್ ಯಾವ ರೀತಿ ಮಾಡುತ್ತದೆ ಎಂದು ತಿಳಿಯಲು ಒಂದು ಸುಳ್ಳು ಫಾರ್ಮುಲಾ ಹಾಕಿ ನೋಡಿ: ಒಂದೇ ಸಾಮಾನು, ನಷ್ಟ ಶೇ. 50, ಬೇಕಾದ್ದು 1 ಕೆಜಿ. ಅದು 2 ಕೆಜಿ ಕೇಳಿದರೆ ಭಾಗಿಸುತ್ತಿದೆ, 1.5 ಕೇಳಿದರೆ ಗುಣಿಸುತ್ತಿದೆ.

ಎರಡನೆಯದು ಒಂದೇ ನಷ್ಟವನ್ನು ಎರಡು ಸಲ ಎಣಿಸುವುದು. ನಿಮ್ಮ ಗೊಜ್ಜಿನಲ್ಲಿ ಇದು ಆಗುವ ಸಾಧ್ಯತೆ ಹೆಚ್ಚು. ಹುಣಸೆಹಣ್ಣಿಗೆ 'ಹಿಪ್ಪೆ ಹೋಗುತ್ತದೆ' ಎಂದು ಐಟಂನಲ್ಲೇ ಶೇಕಡಾ ಹಾಕಿರುತ್ತೀರಿ. ಆಮೇಲೆ ಕುದಿಸಿ ಇಳಿಸಿದ ಗೊಜ್ಜನ್ನು ತೂಗಿ ಔಟ್‌ಪುಟ್ ಹಾಕುತ್ತೀರಿ. ಆ ತೂಕದಲ್ಲಿ ಹಿಪ್ಪೆ ಹೋದದ್ದು ಆಗಲೇ ಸೇರಿದೆ. ಒಲೆಯ ಕೊನೆಯಲ್ಲಿ ತೂಗುವುದಾದರೆ ಅದೇ ಫಾರ್ಮುಲಾದ ಬೇರೆಲ್ಲೂ ನಷ್ಟದ ಶೇಕಡಾ ಇರಬಾರದು. ಹಿಪ್ಪೆ ಎಷ್ಟು ಎಂದು ತಿಳಿಯಬೇಕು ಅನ್ನಿಸಿದರೆ ಹುಣಸೆ ರಸ ತೆಗೆಯುವುದನ್ನು ಬೇರೆ ಹಂತವಾಗಿ ಮಾಡಿ.

ಗೊಜ್ಜನ್ನು ಹಿಗ್ಗಿಸುವಾಗ ಇನ್ನೊಂದು ತೊಡಕಿದೆ. ಸಾಫ್ಟ್‌ವೇರ್ ಎಲ್ಲವನ್ನೂ ಎರಡರಿಂದ ಗುಣಿಸುತ್ತದೆ, ಆವಿ ಹಾಗೆ ಎರಡರಿಂದ ಗುಣಿಸಿಕೊಳ್ಳುವುದಿಲ್ಲ. ಎಷ್ಟು ನೀರು ಆರುತ್ತದೆ ಎಂಬುದು ಕೊಪ್ಪರಿಗೆಯ ಬಾಯಿಯ ಅಗಲ, ಉರಿ, ಹೊತ್ತು ಇವುಗಳ ಮೇಲೆ ನಿಂತಿದೆ. ಅದೇ ಕೊಪ್ಪರಿಗೆಯಲ್ಲಿ ಎರಡರಷ್ಟು ಹಾಕಿ ಅಷ್ಟೇ ಹೊತ್ತು ಕುದಿಸಿದರೆ ಗೊಜ್ಜು ತೆಳುವಾಗಿ ಔಟ್‌ಪುಟ್ ಹೆಚ್ಚುತ್ತದೆ, ಬೇಗ ಬೂಸಲು ಹಿಡಿಯುವ ಅಪಾಯವೂ ಇದೆ. ಗಡಿಯಾರ ನೋಡಿ ಇಳಿಸುವ ಬದಲು ತೂಕ ನೋಡಿ ಇಳಿಸಿ. ಒಂದರಷ್ಟು, ಎರಡರಷ್ಟು ಎಂದು ಎರಡು ಪ್ರತ್ಯೇಕ ಫಾರ್ಮುಲಾ ಇಟ್ಟುಕೊಂಡು ಮಧ್ಯದ ಅಳತೆಗಳಿಗೆ ಅವಕಾಶ ಕೊಡಬೇಡಿ.

ಇಂಗಿನಂಥ ಸಣ್ಣ ಅಂಕಿಗಳು

ಇಂಗು 4 ಗ್ರಾಂ ಅಂದರೆ 0.004 ಕೆಜಿ. ಸಾಫ್ಟ್‌ವೇರಿನಲ್ಲಿ ದಶಾಂಶ ಎರಡೇ ಸ್ಥಾನವಿದ್ದರೆ ಅದು 0.00. ಇಂಗು ಖರ್ಚಾಗುತ್ತದೆ, ಸ್ಟಾಕಿನಲ್ಲಿ ಇಳಿಯುವುದೇ ಇಲ್ಲ. ಇಂಗು, ಬಣ್ಣ, ಅಡುಗೆ ಸೋಡಾದಂಥ ಐಟಂಗಳ ಅಳತೆಯನ್ನು ಗ್ರಾಂನಲ್ಲೇ ಇಡಿ. ಇನ್ನು, 30 ಕೆಜಿಯ ಹಲವು ತಕ್ಕಡಿಗಳು 5 ಗ್ರಾಂ ಹೆಜ್ಜೆಯಲ್ಲಿ ಓದುತ್ತವೆ. ಅದರಲ್ಲಿ 4 ಗ್ರಾಂ ತೂಗಿದ್ದೇವೆ ಅನ್ನುವುದು ಬರೀ ಮಾತು. ನಲವತ್ತು ಸಲಕ್ಕೆ ಬೇಕಾಗುವ ಉಪ್ಪು, ಎಳ್ಳು, ಓಮ, ಇಂಗನ್ನು ಒಟ್ಟಿಗೆ 14 ಕೆಜಿ ಬೆರೆಸಿ, ಬೆರೆಸಿದ ಕೂಡಲೇ 350 ಗ್ರಾಂನ ಪೊಟ್ಟಣ ಕಟ್ಟಿಸಿ. ಡಬ್ಬದಲ್ಲಿಟ್ಟು ದಿನಾ ತೋಡಿಕೊಂಡರೆ ಉಪ್ಪು ತಳಕ್ಕಿಳಿದು ಎಳ್ಳು ಮೇಲೆ ನಿಲ್ಲುತ್ತದೆ, ಮೊದಲ ದಿನಗಳ ಚಕ್ಕುಲಿ ಸಪ್ಪೆ, ಕೊನೆಯ ದಿನಗಳದ್ದು ಉಪ್ಪುಪ್ಪು. ಈ ಪೊಟ್ಟಣಕ್ಕೆ ಉಪ ಫಾರ್ಮುಲಾ ಮಾಡಿ ಸ್ಟಾಕ್ ಇಡಿ. ನಾದಿದ ಹಿಟ್ಟಿಗೆ ಉಪ ಫಾರ್ಮುಲಾ ಬೇಡ, ಅರ್ಧ ಗಂಟೆಯಲ್ಲಿ ಮುಗಿಯುವುದಕ್ಕೆ ಸ್ಟಾಕ್ ಯಾಕೆ?

ದಿನನಿತ್ಯ ನಡೆಸುವುದು ಹೇಗೆ

ಮೂರು ದಾರಿಗಳಿವೆ. ಎಲ್ಲವನ್ನೂ ಫಾರ್ಮುಲಾದಂತೆ ತಾನಾಗಿಯೇ ಕಳೆಯಲು ಬಿಟ್ಟು, ವಾರಕ್ಕೊಮ್ಮೆ ಗೋಡೌನ್ ಎಣಿಸುವುದು ಒಂದು. ಕೆಲಸ ಕಡಿಮೆ, ಆದರೆ ತಪ್ಪು ಯಾವ ದಿನ, ಯಾವ ಪದಾರ್ಥದಲ್ಲಿ ಆಯಿತು ಎಂದು ಸಿಗುವುದಿಲ್ಲ. ಪ್ರತಿ ಸಲವೂ ಪ್ರತಿ ಸಾಮಾನನ್ನೂ ತೂಗಿ ಬರೆಸುವುದು ಎರಡನೆಯದು. ಕಾಗದದ ಮೇಲೆ ಇದೇ ಶ್ರೇಷ್ಠ. ಒಲೆಯ ಮುಂದೆ ನಿಂತವರು ಎರಡನೇ ವಾರದಿಂದ ಫಾರ್ಮುಲಾದ ಅಂಕಿಯನ್ನೇ ನಕಲು ಮಾಡಿ ಬರೆಯತೊಡಗುತ್ತಾರೆ. ಇನ್‌ಪುಟ್ ಅಂಕಿಗಳು ಸತತವಾಗಿ 8.000, 2.000, 0.800 ಎಂದೇ ಬರುತ್ತಿದ್ದರೆ ಯಾರೂ ತೂಗುತ್ತಿಲ್ಲ ಎಂದೇ ತಿಳಿಯಿರಿ. ನಿಮ್ಮಷ್ಟು ದೊಡ್ಡ ಶೆಡ್ಡಿಗೆ ನಾನು ಹೇಳುವುದು ಮೂರನೆಯದನ್ನು: ಔಟ್‌ಪುಟ್, ಎಣ್ಣೆ, ಬೆಣ್ಣೆ ಈ ಮೂರನ್ನು ಮಾತ್ರ ನಿಜವಾಗಿ ತೂಗಿ ಬರೆಯಿರಿ. ಮಿಕ್ಕದ್ದು ಫಾರ್ಮುಲಾದಂತೆ ಕಳೆಯಲಿ, ತಿಂಗಳಿಗೊಮ್ಮೆ ಎಣಿಸಿ ಹೊಂದಿಸಿ. ಅಕ್ಕಿ ಹಿಟ್ಟಿನ ಸಣ್ಣ ವ್ಯತ್ಯಾಸ ಆಗ ತಡವಾಗಿ ತಿಳಿಯುತ್ತದೆ, ಆದರೆ ದುಡ್ಡು ಇರುವುದು ಆ ಮೂರರಲ್ಲೇ.

ಫಾರ್ಮುಲಾಕ್ಕೆ ಹಾಕುವ ಔಟ್‌ಪುಟ್ಟಿಗಾಗಿ ಎಂಟು ಹತ್ತು ಸಲ ತೂಗಿ ಮಧ್ಯದ ಅಂಕಿ ತೆಗೆದುಕೊಳ್ಳಿ. ಚೆನ್ನಾಗಿ ಬಂದ ದಿನದ್ದನ್ನು ಹಾಕುವ ಆಸೆ ಬರುತ್ತದೆ, ಬೇಡ. ಚಕ್ಕುಲಿಯನ್ನು ಪೂರ್ತಿ ಆರಿದ ಮೇಲೆ, ಎಣ್ಣೆ ಬಸಿದ ಮೇಲೆ ತೂಗಿ. ಮಳೆಗಾಲ ಹಿಡಿದಾಗ ಮತ್ತೊಮ್ಮೆ ನೋಡಿ. ಹಿಟ್ಟಿನ ತೇವ ಶೇ. 11ರಿಂದ 13.5ಕ್ಕೆ ಏರಿದರೆ ಅದೇ 10 ಕೆಜಿ ಹಿಟ್ಟಿನಲ್ಲಿ 250 ಗ್ರಾಂ ಸಾರ ಕಡಿಮೆ ಇರುತ್ತದೆ, ಒಂದು ಸಲಕ್ಕೆ ಸುಮಾರು 350 ಗ್ರಾಂ ಚಕ್ಕುಲಿ ಕಡಿಮೆ ಬೀಳುತ್ತದೆ. ಅದು ಭಟ್ಟರ ತಪ್ಪಲ್ಲ.

ತಿದ್ದುವ ದಿನ ಹಳೆಯ ಫಾರ್ಮುಲಾದ ಮೇಲೆಯೇ ಬರೆಯಬೇಡಿ. ಕೆಲವು ಸಾಫ್ಟ್‌ವೇರುಗಳು ಹಳೆಯ ಬ್ಯಾಚುಗಳ ಅಸಲನ್ನೂ ಮರುಲೆಕ್ಕ ಹಾಕಿ, ಮುಗಿದ ತಿಂಗಳುಗಳ ವರದಿಯನ್ನೇ ಬದಲಿಸಿಬಿಡುತ್ತವೆ. ಹೊಸ ಆವೃತ್ತಿ ಮಾಡಿ, ಜಾರಿಯ ದಿನಾಂಕ ಕೊಡಿ, ಹಳೆಯದನ್ನು ನಿಲ್ಲಿಸಿ. ಹಿಂದಿನ ದಿನ ರಾತ್ರಿ ಗೋಡೌನ್, ಬಾಣಲೆ, ಅಂಗಡಿ ಮೂರನ್ನೂ ಎಣಿಸಿ, ಆ ದಿನಾಂಕಕ್ಕೇ ಸ್ಟಾಕ್ ಹೊಂದಾಣಿಕೆ ಹಾಕಿ. ಕಾರಣದ ಖಾನೆಯಲ್ಲಿ 'ನಾಶ' ಅಥವಾ 'ರೈಟ್ ಆಫ್' ಎಂದು ಬರೆಯಬೇಡಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ನಾಶವಾದ, ರೈಟ್ ಆಫ್ ಮಾಡಿದ ಸರಕಿಗೆ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ನಿಮ್ಮದು ನಾಶವಲ್ಲ, ಇಲ್ಲದ ಚಕ್ಕುಲಿಯನ್ನು ಪುಸ್ತಕದಲ್ಲಿ ಬರೆದದ್ದು. 'ಫಾರ್ಮುಲಾ ಔಟ್‌ಪುಟ್ ತಿದ್ದುಪಡಿ' ಎಂದು ಬರೆದು, ಹಳೆಯ ಮತ್ತು ಹೊಸ ಫಾರ್ಮುಲಾದ ಪ್ರತಿಯನ್ನೂ ತೂಗಿದ ಚೀಟಿಗಳನ್ನೂ ಫೈಲಿಗೆ ಸೇರಿಸಿ ಆಡಿಟರಿಗೆ ಮೊದಲೇ ತೋರಿಸಿ.

ಲೇಬಲ್ಲನ್ನೂ ಅದೇ ದಿನ ಒಮ್ಮೆ ನೋಡಿಬಿಡಿ. ಪದಾರ್ಥಗಳ ಪಟ್ಟಿ ತಯಾರಿಸುವಾಗಿನ ತೂಕದ ಇಳಿಕೆ ಕ್ರಮದಲ್ಲಿ ಇರಬೇಕು. ಹಳೆಯ ಫಾರ್ಮುಲಾದಿಂದ ಮುದ್ರಿಸಿದ್ದರೆ 15 ಕೆಜಿ ಇರುವ ಎಣ್ಣೆ ಎಲ್ಲಕ್ಕಿಂತ ಮೊದಲು ಬಂದಿರುತ್ತದೆ. ಹೊಸದರಲ್ಲಿ ಅಕ್ಕಿ ಹಿಟ್ಟು ಮೊದಲು, ಆಮೇಲೆ ಎಣ್ಣೆ, ಆಮೇಲೆ ಉದ್ದಿನ ಹಿಟ್ಟು. ಚೆಲ್ಲಿದ ಎಣ್ಣೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಕರಿಯುವಾಗ ಆರಿಹೋಗುವ ನೀರನ್ನು ಚಕ್ಕುಲಿಯ ಪಟ್ಟಿಯಲ್ಲಿ ಬರೆಯಬೇಕಿಲ್ಲ, ದೋಸೆ ಹಿಟ್ಟಿನ ಕವರಿನ ಮೇಲೆ ನೀರು ಬರಲೇಬೇಕು, ಅದೂ ಮೊದಲ ಹೆಸರಾಗಿ.